ಮೂವರು ಮೇಷ್ಟ್ರು, ಒಂದು ಭಾಗಾಕಾರ

ಮಗಳು ನಾಲ್ಕನೇ ಕ್ಲಾಸಿಗೆ ಹೋದ ವರ್ಷ ನಮ್ಮ ಮನೆಗೆ ಭಾಗಾಕಾರ ಬಂತು. ಬಂದದ್ದು ಹೋಗುವ ಲಕ್ಷಣ ಕಾಣಲಿಲ್ಲ.

ನಾನು ಪುತ್ತೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸ ಮಾಡುತ್ತೇನೆ. ಸಂಜೆ ಬಸ್ಸಿನಲ್ಲಿ ನೇತಾಡಿಕೊಂಡು ನಮ್ಮೂರು ಕೆದಂಬಾಡಿ ತಲುಪುವಷ್ಟರಲ್ಲಿ ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಿ ಹೋಮ್‌ವರ್ಕ್ ಬಿದ್ದಿರುತ್ತಿತ್ತು. ಅದರ ಕೆಳಗೆ ದಿನಾ ಅದೇ ವಾಕ್ಯ: ‘ಪೋಷಕರು ಮನೆಯಲ್ಲಿ ಗಮನ ಕೊಡಬೇಕು.’ ಉಳಿದ ತಾಯಂದಿರೆಲ್ಲ ಕೂಡಲೇ ಕೈಮುಗಿದ ಚಿತ್ರ ಹಾಕುತ್ತಿದ್ದರು. ಗಮನ ಕೊಡುವುದೆಂದರೆ ಏನು ಮಾಡುವುದು ಎಂದು ಮಾತ್ರ ಯಾರೂ ಬರೆಯುತ್ತಿರಲಿಲ್ಲ.

ನಮ್ಮಲ್ಲಿ ಗಮನಕ್ಕೆ ಕಡಿಮೆ ಇರಲಿಲ್ಲ. ಮಾವ ಅಡಿಕೆ ಅಂಗಡಿಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಮಗ್ಗಿ ಬಾಯಿಗೆ ಬಾರದೆ ಪೆನ್ಸಿಲು ಮುಟ್ಟಬಾರದು ಎಂಬುದು ಅವರ ಕಾನೂನು. ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಗಂಡ ಯೂಟ್ಯೂಬ್ ನೋಡಿ ಹೊಸ ಪದ್ಧತಿ ಕಲಿತು ಬಂದಿದ್ದರು. ನಾನು ಶಾಲೆಯಲ್ಲಿ ಕಲಿತ ಹಾಗೆ ಒಳಗೊಂದು, ಹೊರಗೊಂದು ಅಂಕಿ ಬರೆದು, ಕಳೆದು, ಕೆಳಗಿಳಿಸುವವಳು.

“ಎಂಬತ್ತನಾಲ್ಕು ಚಾಕಲೇಟು, ಆರು ಜನ. ಮೊದಲು ಎಲ್ಲರಿಗೂ ಹತ್ತತ್ತು ಕೊಡು,” ಎನ್ನುತ್ತಿದ್ದರು ಗಂಡ.

“ಆ ಆರು ಜನ ಯಾರು ಅಪ್ಪ?”

“ಯಾರಾದ್ರೆ ಎಂತ? ನೀನು ಕೊಡು.”

“ಚಾಕಲೇಟು ಗೀಕಲೇಟು ಎಲ್ಲ ಬೇಡ. ಆರರ ಮಗ್ಗಿ ಹೇಳು ನೋಡುವ,” ಎಂದು ಮಾವ ಚಾವಡಿಯಿಂದ ಕೂಗುತ್ತಿದ್ದರು. ಒಲೆಯ ಮುಂದಿನಿಂದ ನಾನು, “ಮೊದಲು ಎಂಟರಲ್ಲಿ ಆರು ಎಷ್ಟು ಸಲ ಹೋಗ್ತದೆ ನೋಡು ಮಾರಾಯ್ತಿ!” ಎನ್ನುತ್ತಿದ್ದೆ. ಮಗಳು ಮೂವರ ಮುಖವನ್ನೂ ಸರದಿಯಲ್ಲಿ ನೋಡುತ್ತಿದ್ದಳು. ಕೊನೆಗೆ ನಮ್ಮಲ್ಲಿ ಯಾರಾದರೊಬ್ಬರು ಸಿಟ್ಟಿನಲ್ಲಿ ಉತ್ತರ ಹೇಳಿಬಿಡುತ್ತಿದ್ದರು. ಅವಳು ಅದನ್ನು ಚಂದ ಮಾಡಿ ಬರೆದು, ಚೀಲದ ಜಿಪ್ ಎಳೆದು, ಎದ್ದು ಹೋಗುತ್ತಿದ್ದಳು. ಹೋಮ್‌ವರ್ಕೆಲ್ಲ ಸರಿ, ಪರೀಕ್ಷೆಯಲ್ಲಿ ಒಂದೂ ಬರುತ್ತಿರಲಿಲ್ಲ. ಹಾಗಾಗಿ ನಾವು ಇನ್ನಷ್ಟು ಗಮನ ಕೊಟ್ಟೆವು.

ಒಂದು ಮಧ್ಯಾಹ್ನ ಟೀಚರ್ ಲ್ಯಾಬಿಗೆ ಫೋನ್ ಮಾಡಿದರು. ಶನಿವಾರ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ. ಟೀಚರ್ ನನಗಿಂತ ಚಿಕ್ಕ ಪ್ರಾಯದ ಹುಡುಗಿ. ನಗು ತಡೆದುಕೊಂಡೇ ವಿಷಯ ಹೇಳಿದಳು. ಬೋರ್ಡಿನಲ್ಲಿ ಲೆಕ್ಕ ಮಾಡಲು ಕರೆದಾಗ ನನ್ನ ಮಗಳು ಚಾಕ್‌ಪೀಸ್ ಹಿಡಿದು ನಿಂತು ಕೇಳಿದಳಂತೆ: “ಟೀಚರ್, ಯಾರ ಲೆಕ್ಕ ಮಾಡುದು? ಅಪ್ಪಂದಾ, ಅಮ್ಮಂದಾ, ಅಜ್ಜಂದಾ?” ಇಡೀ ಕ್ಲಾಸು ನಕ್ಕಿತಂತೆ. ಮಗಳೂ ಸ್ವಲ್ಪ ನಕ್ಕು, ಆಮೇಲೆ ಅತ್ತಳಂತೆ.

ನನಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ.

“ಬೇಜಾರು ಮಾಡ್ಬೇಡಿ,” ಎಂದಳು ಟೀಚರ್. “ಮನೆಯಲ್ಲಿ ಯಾರೂ ಕಲಿಸುದು ಬೇಡ. ಒಬ್ರು ಹತ್ರ ಕೂತ್ರೆ ಸಾಕು. ಉತ್ತರ ಹೇಳ್ಬೇಡಿ. ಹೇಗೆ ಮಾಡಿದ್ದು ಅಂತ ಅವಳತ್ರವೇ ಕೇಳಿ.”

“ಗಮನ ಕೊಡಿ ಅಂತ ದಿನಾ ಹಾಕುದು ನೀವೇ ಅಲ್ವಾ?”

“ಗಮನ ಕೊಡಿ ಅಂದದ್ದು. ಲೆಕ್ಕ ಮಾಡಿ ಕೊಡಿ ಅಂತ ಅಲ್ಲ.”

ಬಸ್ಸಿನ ದಾರಿಯಿಡೀ ನನಗೆ ಉರಿಯುತ್ತಿತ್ತು. ಹಾಗಾದರೆ ಇಷ್ಟು ದಿನ ಗಂಟಲು ಹರಿದುಕೊಂಡದ್ದು ಯಾರಿಗಾಗಿ? ಮನೆಗೆ ಬಂದು ಹೇಳಿದರೆ ಗಂಡ, “ನಿನ್ನದೇ ಬೊಬ್ಬೆ ಜಾಸ್ತಿ,” ಎಂದು ನಕ್ಕರು. ಮಾವನಿಗೆ ನೋವಾಯಿತು. “ಮಗುವಿಗೆ ಹೇಳಿ ಕೊಡುದೂ ತಪ್ಪಾ ಈಗ?” ಎಂದು ಕೇಳಿ, ಚಹಾ ಮುಟ್ಟದೆ ತೋಟದ ಕಡೆ ಹೋದರು. ಅವರ ಹಿಂದೆ ಹೋಗಿ ಸಮಾಧಾನ ಮಾಡುವ ಕೆಲಸವೂ ನನಗೇ ಬಂತು.

ಸೋಮವಾರ ಸಂಜೆ ಅಲಸಂಡೆ, ಚೂರಿ, ತಟ್ಟೆ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತೆ. ಆರುನೂರ ಹದಿನೆಂಟನ್ನು ಆರರಿಂದ ಭಾಗಿಸಬೇಕಿತ್ತು. ಅವಳು ನಾಲಿಗೆ ಹೊರಗೆ ಹಾಕಿ ಬರೆದಳು: ಹದಿಮೂರು. ತಪ್ಪು ಕಣ್ಣೆದುರೇ ಕೂತಿದೆ, ನಾನು ಬಾಯಿ ಬಿಡುವ ಹಾಗಿಲ್ಲ! ಚಾವಡಿಯಲ್ಲಿ ಮಾವ ಕೆಮ್ಮಿದರು. ಅದು ಶೀತದ ಕೆಮ್ಮಲ್ಲ. ಹಿಂದಿನಿಂದ ಬಂದು ಬಗ್ಗಿ ನೋಡಿದ ಗಂಡ “ಸೊನ್ನೆ” ಎನ್ನುವಷ್ಟರಲ್ಲಿ ನಾನು ಚೂರಿ ಹಿಡಿದ ಕೈಯನ್ನೇ ಎತ್ತಿ ಅಡುಗೆಮನೆಯ ದಾರಿ ತೋರಿಸಿದೆ.

“ಹೇಗೆ ಮಾಡಿದ್ದು ಹೇಳು,” ಎಂದೆ, ಹಲ್ಲು ಕಚ್ಚಿ.

“ಆರರಲ್ಲಿ ಆರು ಒಂದು ಸಲ. ಮತ್ತೆ ಒಂದನ್ನು ಇಳಿಸಿದೆ. ಒಂದರಲ್ಲಿ ಆರು ಹೋಗುದಿಲ್ಲ. ಅದಕ್ಕೆ ಎಂಟನ್ನೂ ಇಳಿಸಿದೆ. ಹದಿನೆಂಟರಲ್ಲಿ ಮೂರು ಸಲ.” ಹೇಳುತ್ತಿದ್ದವಳು ಅಲ್ಲಿಗೇ ತಡೆದಳು. ಪೆನ್ಸಿಲಿನ ತುದಿ ಕಚ್ಚಿದಳು. “ಅಮ್ಮ, ಆರುನೂರನ್ನು ಆರು ಜನಕ್ಕೆ ಕೊಟ್ರೆ ಒಬ್ಬೊಬ್ರಿಗೆ ನೂರು ಬರ್ತದಲ್ಲ? ಮತ್ತೆ ಹದಿಮೂರು ಹೇಗಾಗುದು?”

“ನೀನೇ ನೋಡು.”

ಅಳಿಸಿದಳು. ಬರೆದಳು. ಪುನಃ ಅಳಿಸಿದಳು, ಕಾಗದ ತೂತಾಯಿತು. ನಾನು ಅಲಸಂಡೆಯನ್ನು ಎಷ್ಟು ಸಣ್ಣಗೆ ಹೆಚ್ಚಿದ್ದೆನೆಂದರೆ ಅದು ಪಲ್ಯಕ್ಕಾಗುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ಅವಳು, “ಹೋಗದಿದ್ರೆ ಅಲ್ಲಿ ಸೊನ್ನೆ ಹಾಕ್ಬೇಕು! ಇಲ್ಲದಿದ್ರೆ ನೂರರ ಒಂದು ಹತ್ತರ ಜಾಗಕ್ಕೆ ಬರ್ತದೆ!” ಎಂದು ಕಿರುಚಿ ನೂರ ಮೂರು ಬರೆದಳು. ಆಮೇಲೆ ಆರರಿಂದ ಗುಣಿಸಿಯೂ ನೋಡಿದಳು. ಅದನ್ನು ಯಾರೂ ಹೇಳಿರಲಿಲ್ಲ. ನನ್ನ ಕಣ್ಣು ತುಂಬಿತು. ಕೂಡಲೇ ಸಿಟ್ಟೂ ಬಂತು. ಇಷ್ಟು ಗೊತ್ತಾಗುವವಳಿಗೆ ನಾವು ಮೂವರು ಯಾಕೆ ಬೊಬ್ಬೆ ಹೊಡೆದದ್ದು?

ದಿನಾ ಹೀಗೇ ಆಯಿತು ಎಂದೇನೂ ಅಲ್ಲ. ಎಷ್ಟೋ ದಿನ ತಪ್ಪು ಉತ್ತರವನ್ನೇ ಹೊತ್ತು ಶಾಲೆಗೆ ಹೋದಳು. ಅದನ್ನು ನೋಡಿಕೊಂಡು ಕಳಿಸುವುದು ನನ್ನಿಂದ ಇವತ್ತಿಗೂ ಸಲೀಸಾಗಿ ಆಗುವುದಿಲ್ಲ. ಆದರೆ ಸಂಜೆ ಬಂದು ಎಲ್ಲಿ ತಪ್ಪಿತೆಂದು ಅವಳೇ ಹೇಳತೊಡಗಿದಳು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಭಾಗಾಕಾರವೆಲ್ಲ ಸರಿಯಿತ್ತು, ಕೂಡುವ ಲೆಕ್ಕವೊಂದು ತಪ್ಪಿತ್ತು. ಗಂಡ ಬಾಯಿ ತೆರೆದರು. ನಾನು ನೋಡಿದೆ. ಮುಚ್ಚಿದರು.

ಒಂದು ಸಂಜೆ ನಾನು ಬರುವುದು ತಡವಾಯಿತು. ಮಗಳು ಬರೆಯುತ್ತಿದ್ದಳು, ಮಾವ ಅವಳೆದುರು ತುಟಿ ಬಿಗಿದು ಕೂತಿದ್ದರು. ನನ್ನನ್ನು ನೋಡಿದ್ದೇ ಎದ್ದು, “ನೀನು ಬಂದೆಯಲ್ಲ, ಇನ್ನು ನೀನು ಕೂರು. ನನ್ನಿಂದ ಸಾಧ್ಯ ಇಲ್ಲ ಮಾರಾಯ್ತಿ,” ಎಂದು ಅಂಗಳಕ್ಕಿಳಿದರು.