ಕುಣಿಗಲ್ ದಾರಿಯ ಕೂಲಿಂಗ್ ಚಾರ್ಜು

ನೀರು ಮತ್ತು ತಂಪು ಪಾನೀಯದ ಬಾಟಲಿಗಳಿಗೆ ಅಚ್ಚಾದ ಬೆಲೆಗಿಂತ ಹೆಚ್ಚು ಕೇಳುವ ಹೋಟೆಲುಗಳ ವಿರುದ್ಧ ನಾನು ತುಮಕೂರಿನಲ್ಲಿ ಮಾತನಾಡತೊಡಗಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಭಾನುವಾರ ಸಭೆ ಸೇರುತ್ತಿದ್ದೆವು. ಬಂದವರೆಲ್ಲ ಇದು ಅನ್ಯಾಯವೆಂದು ಒಪ್ಪುತ್ತಿದ್ದರು. ದೂರಿಗೆ ಸಹಿ ಹಾಕುವ ಮಾತು ಬಂದಾಗ ಚಪ್ಪಲಿ ಹುಡುಕುತ್ತಿದ್ದರು. ಕೆಲವು ವರ್ಷಗಳಲ್ಲಿ ಉಳಿದದ್ದು ನಾನು ಮತ್ತು ಗುಬ್ಬಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಒಬ್ಬ ಗೆಳತಿ.

"ಯಾರೂ ಬರ್ದಿದ್ರೆ ನನ್ ಹೆಸ್ರಲ್ಲೇ ಹಾಕಣ ಬಿಡಕ್ಕ" ಎಂದು ಅವಳೇ ಮುಂದೆ ಬಂದಳು. ನನ್ನ ಹೆಸರಲ್ಲಿ ಹಾಕಿದರೆ, ಸಭೆ ನಡೆಸುವವಳೇ ಬೇಕೆಂದು ಹೂಡಿದ ದೂರು ಎಂದು ತಳ್ಳಿಹಾಕುವ ಭಯವಿತ್ತು. ಗ್ರಾಹಕರ ನ್ಯಾಯಾಲಯಕ್ಕೆ ಹೋಗಲು ನಮಗೆ ಬೇಕಾಗಿದ್ದದ್ದು, ಅವಳು ಹೆಚ್ಚು ಬೆಲೆ ತೆತ್ತಳೆಂದು ತೋರಿಸುವ ಒಂದು ರಸೀದಿ.

ಅವಳ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಇಬ್ಬರೂ ತುಮಕೂರಿನಿಂದ ಮೈಸೂರಿನ ಬಸ್ಸು ಹತ್ತಿದೆವು. ಕುಣಿಗಲ್ ದಾಟಿದ ಮೇಲೆ ಒಂಟಿಯಾಗಿ ನಿಂತ ಹೋಟೆಲಿನ ಮುಂದೆ ಬಸ್ಸು ನಿಂತಿತು. ಅಲ್ಲಿ ಡ್ರೈವರು, ಕಂಡಕ್ಟರರಿಗೆ ಪರದೆಯ ಹಿಂದಿನ ಕೋಣೆಯಲ್ಲಿ ಪುಕ್ಕಟೆ ಊಟ. ಆ ಊಟದ ಖರ್ಚು ಎಲ್ಲಿಂದ ಬರುತ್ತದೆಂದು ಪ್ರಯಾಣಿಕರು ಕೇಳುತ್ತಿರಲಿಲ್ಲ. ಬೇರೆ ಅಂಗಡಿಯಿಲ್ಲದ ಕಡೆ ಜನರನ್ನು ಇಳಿಸುವುದು, ಅವರ ಬಾಯಾರಿಕೆಯ ಮೇಲೆ ಬೆಲೆ ಏರಿಸುವುದು, ರಸೀದಿ ಕೇಳುವಷ್ಟು ಹೊತ್ತು ಕೊಡದಿರುವುದು: ಇದನ್ನು ಒಬ್ಬ ಮಾಲೀಕನ ದುರಾಸೆಯೆಂದು ನಾನು ಅಂದೂ ತಿಳಿಯಲಿಲ್ಲ, ಇಂದೂ ತಿಳಿಯುವುದಿಲ್ಲ. ಅದು ಹಲವರು ಕೂಡಿ ನಡೆಸಿದ ಸುಲಿಗೆ.

ಗೆಳತಿ ನೀರಿನ ಬಾಟಲಿ ಹಿಡಿದು ಗಲ್ಲಾದ ಮುಂದೆ ನಿಂತಳು. ಮಾಲೀಕರು ಹನ್ನೆರಡು ಕೇಳಿದರು.

"ಇದ್ರ ಮೇಲೆ ಹತ್ತು ಅಂತೈತಲ್ಲ."

"ಹತ್ತು ನೀರಿಗಮ್ಮ. ಮಿಕ್ಕಿದ್ದು ಕೂಲಿಂಗ್ ಚಾರ್ಜು. ಫ್ರಿಜ್ಜಿನ ಕರೆಂಟ್ ಬಿಲ್ಲು ನಿಮ್ಮಪ್ಪ ಕಟ್ತಾನಾ?"

"ಕಟ್ತಿದ್ರೇನೋ, ಫ್ರಿಜ್ಜು ಓಡ್ತಿದ್ರೆ. ಮುಟ್ನೋಡಿ ಸ್ವಾಮಿ, ಸ್ನಾನಕ್ಕೆ ಕಾಯ್ಸಿಟ್ಟಂಗೈತೆ!"

ಹಿಂದೆ ನಿಂತವರು ನಕ್ಕರು. "ಹನ್ನೆರಡೇ ಕೊಡ್ತೀನಿ. ಬಿಲ್ ಬರ್ಕೊಡಿ" ಎಂದಳು ಅವಳು.

ಬಿಲ್ ಪುಸ್ತಕ ಮುಗಿದಿದೆಯೆಂದರು ಮಾಲೀಕರು. ಬಿಳಿ ಹಾಳೆಯಾದರೂ ಸರಿ, ಸಹಿ ಹಾಕಿ ಕೊಡಿ ಎಂದೆ ನಾನು. ಅವರು ಪೆನ್ನು ಹುಡುಕತೊಡಗಿದರು, ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ. ಬಸ್ಸಿನ ಹಾರನ್ ಕೇಳಿಸಿತು. ಕಂಡಕ್ಟರು ಪರದೆ ಸರಿಸಿ, ಕೈ ಒರೆಸಿಕೊಳ್ಳುತ್ತ ಬಂದರು.

"ಏನ್ ಮೇಡಮ್ಮೋರೆ, ಇಲ್ಲೇ ಮನೆ ಮಾಡ್ಕಂಡ್ರಾ? ಬಸ್ ಬಿಡ್ತೀನಿ ನೋಡಿ."

"ಎರಡ್ ರೂಪಾಯ್ಗೆ ಬಸ್ಸಿಗ್ ಬಸ್ಸೇ ಕಾಯ್ಬೇಕಾ?" ಎಂದು ಕಿಟಕಿಯಿಂದ ಯಾರೋ ಕೂಗಿದರು.

ಅಷ್ಟರಲ್ಲಿ ನಮ್ಮ ಹಿಂದಿನ ಸೀಟಿನಲ್ಲಿದ್ದ ವೃದ್ಧರೊಬ್ಬರು ಇಳಿದು ಬಂದು, ಹನ್ನೆರಡು ರೂಪಾಯಿಯನ್ನು ತಾವೇ ಗಲ್ಲಾದ ಮೇಲಿಟ್ಟರು. "ತಗಳಪ್ಪ, ಮುಗೀತು. ನಡಿಯವ್ವ, ನೀನು ನನ್ ಮಗಳಿದ್ದಂಗೆ." ಅವರ ಮುಖದಲ್ಲಿ ಕುಹಕದ ಸುಳಿವೂ ಇರಲಿಲ್ಲ. ಮಾಲೀಕರು ದುಡ್ಡನ್ನು ಒಳಗೆ ಹಾಕಿ ಪೆನ್ನು ಹುಡುಕುವುದನ್ನು ನಿಲ್ಲಿಸಿದರು. ಹಣ ಕೊಟ್ಟವಳು ಅವಳಲ್ಲವೆಂದ ಮೇಲೆ ದೂರು ಎಲ್ಲಿಯದು? ದುಡ್ಡು ವಾಪಸು ತೆಗೆದುಕೊಳ್ಳಿರೆಂದು ನಾನು ವೃದ್ಧರನ್ನು ಬೇಡಿಕೊಂಡೆ. ಅವರು ಕೈಬೀಸಿ ಬಸ್ಸಿನತ್ತ ನಡೆದರು. ಗೆಳತಿಯೂ ಅವರ ಹಿಂದೆಯೇ ಹೊರಟಳು.

ಬಸ್ಸು ಚಲಿಸಿದ ಮೇಲೆ, ಬರುವಾಗ ಮತ್ತೆ ಇಲ್ಲೇ ಇಳಿಯೋಣ, ಈ ಸಲ ಮೊದಲೇ ರಸೀದಿ ಕೇಳೋಣ ಎಂದೆ.

"ಇಲ್ಲಕ್ಕ. ಬೇರೆಯವ್ರನ್ನ ನೋಡ್ಕಳಿ" ಎಂದಳು ಅವಳು. "ಅವ್ನು ಬೈದಿದ್ದಕ್ಕೇನೂ ಇಲ್ಲ. ಅಷ್ಟ್ ಜನದ ಮುಂದೆ ಭಿಕ್ಷೆ ಹಾಕಿಸ್ಕಂಡಂಗಾಯ್ತು ನಂಗೆ."

ನಾಚಬೇಕಾದವರು ನಾವಲ್ಲ ಎಂಬುದನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ಅವಳಿಗೆ ಅದನ್ನು ಹೇಳದೆ, ಮದುವಣಗಿತ್ತಿಗೆ ಯಾವ ಸೀರೆ ತಂದಿದ್ದಾರೆಂದು ಕೇಳಿದೆ. ಬೇರೆಯವರು ಯಾರೂ ಉಳಿದಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಮದ್ದೂರಿನವರೆಗೆ ನಾವು ನಿಶ್ಚಿತಾರ್ಥದ ಸೀರೆಯ ಮಾತನ್ನೇ ಆಡಿದೆವು.