ಮಾವನ ದನಿಯಲ್ಲಿ ಒಂದು ಫೋನು

ಬೆಳಗ್ಗೆ ಅಮೀರ್‌ಪೇಟ್‌ನ ಕೋಚಿಂಗ್‌ನಲ್ಲಿ ಅರ್ಥಶಾಸ್ತ್ರ, ಮಧ್ಯಾಹ್ನ ಬೇಗಂ ಬಜಾರಿನಲ್ಲಿ ಮಾವನ ಸ್ಟೀಲ್ ಪಾತ್ರೆ ಅಂಗಡಿ. ಎರಡೂ ಕಡೆ ನಾನು ಕಲಿತದ್ದಕ್ಕಿಂತ ಅಣಕಿಸಿದ್ದೇ ಹೆಚ್ಚು.

ಒಂದು ದಿನ ಮೇಷ್ಟ್ರು ಆಟದ ಸಿದ್ಧಾಂತ ಹೇಳಿಕೊಟ್ಟರು. ಇಬ್ಬರು ಮತ್ತೆ ಮತ್ತೆ ವ್ಯವಹರಿಸುವಾಗ ಯಾವ ತಂತ್ರ ಗೆಲ್ಲುತ್ತದೆ? ಸದಾ ಮೋಸವೋ, ಸದಾ ಒಳ್ಳೆಯತನವೋ? ಎರಡೂ ಅಲ್ಲವಂತೆ. ಮೊದಲು ಸಹಕರಿಸು, ಆಮೇಲೆ ಎದುರಿನವನು ಮಾಡಿದ್ದನ್ನೇ ಮಾಡು. ಅಂದರೆ ಮಿಮಿಕ್ರಿ! ನನ್ನ ಕಸುಬಿಗೆ ಕೊನೆಗೂ ಶಾಸ್ತ್ರಾಧಾರ ಸಿಕ್ಕಿತ್ತು.

ನಮ್ಮ ಗಲ್ಲಿ ಅದನ್ನು ಓದದೆಯೇ ನಡೆಸುತ್ತಿತ್ತು. ಗಿರಾಕಿ ಕೇಳಿದ ಸೈಜು ನಮ್ಮಲ್ಲಿಲ್ಲದಿದ್ದರೆ ಅವರಿಗೆ ಚಹಾ ಹೇಳಿ, ಎದುರಂಗಡಿಯ ಸೇಠ್ ಹತ್ತಿರದಿಂದ ತಂದುಕೊಡುವುದು. ಅವನಿಗೆ ಬೇಕಾದಾಗ ನಾವು ಕೊಡುವುದು.

ಒಂದು ಸಂಜೆ ಅಂಗಡಿಯ ಫೋನಿನಿಂದ, ಮಾವನ ದನಿಯಲ್ಲಿ, ಅವರ ಕೆಮ್ಮಿನ ಸಮೇತ, ಇನ್ನುಮೇಲೆ ನಮ್ಮಿಂದ ಒಂದು ಮುಚ್ಚಳವೂ ಸಿಗುವುದಿಲ್ಲವೆಂದು ಸೇಠ್‌ಗೆ ಹೇಳಿಬಿಟ್ಟೆ. ತಕ್ಷಣ ರಸ್ತೆ ದಾಟಿ, ಅದು ನಾನೇ ಎಂದು ನಗಬೇಕೆಂದಿದ್ದೆ. ಅಷ್ಟರಲ್ಲಿ ಗಿರಾಕಿಗಳು ಬಂದರು. ಮರೆತೆ.

ಮರುದಿನ ಸೇಠ್ ನಮಗೆ ಕಡಾಯಿ ಇಲ್ಲವೆಂದ. ಗಿರಾಕಿ ಬಿಡದೆ ಅವನು ಮುಚ್ಚಳ ಕೇಳಿದಾಗ ಮಾವ ಇಲ್ಲವೆಂದರು. ಮತ್ತೆ ಅವನು, ಮತ್ತೆ ಇವರು. ಪುಸ್ತಕದ ತಂತ್ರ ಎಷ್ಟು ಚೊಕ್ಕವಾಗಿ ನಡೆಯಿತೆಂದರೆ, ಹತ್ತು ದಿನವಾದರೂ ಅದಕ್ಕೆ ನಿಲ್ಲುವುದು ಹೇಗೆಂದೇ ತಿಳಿಯಲಿಲ್ಲ. ನನಗೂ ಬಾಯಿ ಬಿಡುವ ಧೈರ್ಯ ಬರಲಿಲ್ಲ.

ಹನ್ನೊಂದನೆಯ ದಿನ ಮದುವೆ ಮನೆಯವರು ಉದ್ದದ ಪಟ್ಟಿ ಹಿಡಿದು ಬಂದರು. ಒಂದು ದೊಡ್ಡ ಕಡಾಯಿ ಸಿಗದೆ, ಪಟ್ಟಿ ಮಡಚಿಕೊಂಡು ಬೇರೆ ಗಲ್ಲಿಗೆ ಹೋದರು. ಮಾವ ನೋಡುತ್ತಿದ್ದುದು ಅವರನ್ನಲ್ಲ, ಎದುರಂಗಡಿಯನ್ನು.

"ಇಪ್ಪತ್ತು ವರ್ಷದ ದೋಸ್ತಿ. ನಾ ಏನ ತಪ್ಪ ಮಾಡೀನಿ ಅಂತ ತಿಳೀವಲ್ದು."

ಇನ್ನು ತಡೆಯಲಾಗಲಿಲ್ಲ, ಎಲ್ಲ ಹೇಳಿದೆ. ಮಾವ ಬಯ್ಯಲಿಲ್ಲ. ಸೇಠ್ ಮೊದಲು ಕೇಳಿದ್ದ ಮುಚ್ಚಳವನ್ನು ತೆಗೆದು ನನ್ನ ಕೈಗಿಟ್ಟರು.

"ಮೊದ್ಲ ಇದನ್ನ ಕೊಡು. ಆಮ್ಯಾಲ ಹೇಳು. ನಿನ್ನ ದನ್ಯಾಗ ಹೇಳು."

ಆಗಾಗ ಒಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ತಂತ್ರ ಇನ್ನೂ ಚೆನ್ನಾಗಿ ನಡೆಯುತ್ತದೆಂದು ಮೇಷ್ಟ್ರು ಪಾಠದ ಕೊನೆಗೆ ಹೇಳಿದ್ದರಂತೆ. ಆ ಹೊತ್ತಿಗೆ ನಾನು ಹಿಂದಿನ ಬೆಂಚಿನಲ್ಲಿ ಅವರನ್ನೇ ಅಣಕಿಸುತ್ತಿದ್ದೆ.

ರಸ್ತೆ ದಾಟಿ, ಮುಚ್ಚಳ ಕೊಟ್ಟು ನಡೆದದ್ದು ಹೇಳಿದರೆ ಸೇಠ್ ನಂಬಲಿಲ್ಲ; ಮಾಡಿ ತೋರಿಸು ಎಂದ. ತೋರಿಸಿದೆ, ಕೆಮ್ಮಿನ ಸಮೇತ. ಅವನು ನಗಲಿಲ್ಲ. ಮುಚ್ಚಳವನ್ನು ಎರಡು ಸಲ ತಿರುಗಿಸಿ ನೋಡಿದ, ರಸ್ತೆಯಾಚೆ ಒರೆಸಿದ ಪಾತ್ರೆಯನ್ನೇ ಒರೆಸುತ್ತಿದ್ದ ಮಾವನನ್ನು ನೋಡಿದ, ಆಮೇಲೆ ಒಂದು ಮಾತು ಹೇಳಿ ಕಳಿಸಿದ.

"ಏನಂದ?" ಎಂದರು ಮಾವ, ತಲೆಯೆತ್ತದೆ.

ಸೇಠ್‌ನ ದನಿ ಗಂಟಲವರೆಗೂ ಬಂದಿತ್ತು. ನುಂಗಿಕೊಂಡೆ.

"ನಾಳೆ ಮೂರು ಮುಚ್ಚಳ ಬೇಕಂತ್ರಿ, ಮಾಮಾ."