ಒಳಗ ಕುಂದ್ರಿ
ನಮ್ಮೂರ ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಉಚ್ಚಂಗೆವ್ವನ ಕಣ್ಣಿಗೆ ಬಿದ್ದವರು ಓದದೆ ಪಾರಾಗುವಂತಿಲ್ಲ. ರಾಣೆಬೆನ್ನೂರಿನಿಂದ ಬೀಜದ ಚೀಲ ಹೊತ್ತು ತಂದವರು ಅದರ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದಿಯೇ ಮನೆಗೆ ಹೋಗಬೇಕು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುವ ಹೆಂಗಸರು ಬಸ್ಸಿನ ಬೋರ್ಡು ಏನೆಂದು ಕೇಳಿದರೆ, "ನೀನ ಓದವ್ವಾ" ಎನ್ನುತ್ತಾಳೆ. ಅವರು ಅಕ್ಷರ ಕೂಡಿಸುವಷ್ಟರಲ್ಲಿ ಎಷ್ಟೋ ಸಲ ಬಸ್ಸೇ ಹೋಗಿಬಿಟ್ಟಿದೆ. ಇಂಥವಳ ಮುಂದೆ ಊರ ಹಿರಿಯ ತಿರಕಪ್ಪ ನಾಲ್ಕು ಮಂದಿಯನ್ನು ಕಟ್ಟಿಕೊಂಡು ಬಂದು, ಜಾತಿ ಬಿಟ್ಟು ಮದುವೆಯಾದ ಹುಡುಗಿಯ ಕಥೆಯ ಪುಸ್ತಕವೊಂದನ್ನು ಕಪಾಟಿನಿಂದ ತೆಗೆಯಬೇಕೆಂದು ಗುಡುಗಿದ. "ಯಾವ ಮಾತು ತಪ್ಪೈತಿ, ಓದಿ ತೋರಸ್ರಿ ಯಜಮಾನ್ರ" ಎಂದು ಅವಳು ಪುಸ್ತಕವನ್ನು ಅವನ ಕೈಗಿಟ್ಟಳು. ತಿರಕಪ್ಪ ಹಾಳೆ ತಿರುವಿದ, ಬೆವರಿದ, ಕೊನೆಗೆ ಮೆಲ್ಲಗೆ, "ನನಗ ಓದಾಕ ಬರಂಗಿಲ್ಲ" ಎಂದ. ಜೊತೆಗೆ ಬಂದವರೇ ನಕ್ಕರು. ಉಚ್ಚಂಗೆವ್ವ ನಗಲಿಲ್ಲ. ಐವತ್ತು ವರ್ಷದ ಹಿಂದೆ ಶಾಲೆಯಲ್ಲಿ ತಿರಕಪ್ಪನನ್ನು ಒಳಗೆ ಕೂರಿಸಿದ್ದರು, ಅವನು ಕುರಿಗಳ ಹಿಂದೆ ಓಡಿಹೋಗಿದ್ದ. ಇವಳನ್ನು ಜಾತಿಯ ಕಾರಣಕ್ಕೆ ಬಾಗಿಲ ಹೊರಗೆ ಕೂರಿಸಿದ್ದರು, ಇವಳು ಅಲ್ಲಿಂದಲೇ ಕೇಳಿ ಕೇಳಿ ಕಲಿತಿದ್ದಳು. ಈಗ ತನ್ನ ಪಕ್ಕದ ಕುರ್ಚಿಯನ್ನು ಸೆರಗಿನಿಂದ ಒರೆಸಿ, "ಬರ್ರಿ, ಒಳಗ ಕುಂದ್ರಿ. ಮೊದಲ ಕಲೀರಿ, ಆಮ್ಯಾಲ ಬ್ಯಾಡ ಅನ್ರಿ" ಎಂದಳು. ಅಂದಿನಿಂದ ಅವನು ದಿನಾ ಸಂಜೆ ಬರುತ್ತಾನೆ. ಮೊನ್ನೆ ಅದೇ ಪುಸ್ತಕವನ್ನು ಮೊಮ್ಮಗಳಿಗೆಂದು ಒಯ್ಯುವಾಗ ವಹಿಯಲ್ಲಿ 'ತಿರಕಪ' ಎಂದು ಬರೆದ. "ಕಡೀ ಅಕ್ಷರಕ್ಕ ಒತ್ತು ಹಚ್ರಿ" ಎಂದಳು ಉಚ್ಚಂಗೆವ್ವ. ಅವನು ಹಚ್ಚಿದ, ಕೆಳಗಿನ ಸಾಲನ್ನೂ ದಾಟುವಷ್ಟು ದೊಡ್ಡದಾಗಿ.